ನರ್ಸಮ್ಮ ತೂಗಿದ ಕೇರೆ ಹಾವು

ಬಸ್ ಸ್ಟ್ಯಾಂಡ್ ಮುಂದಿನ ಕಂಬಕ್ಕೆ ಹೋದ ತಿಂಗಳು ಒಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ನಡುವೆ ಒಂದು ಹಳೇ ಫೋಟೊ, ಕೆಳಗೆ ಹೆಸರು. ನಮ್ಮ ಹೊಸದುರ್ಗದ ಜನ ನಿಂತು ನೋಡಿ, "ಯಾರಿದು? ಎಲ್ಲೋ ನೋಡ್ದಂಗೈತೆ" ಅಂದುಕೊಂಡು ಮುಂದೆ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಪುಣ್ಯಾತ್ಮರು ಹೆಸರಿನ ಕೆಳಗೆ ಬಿಳಿ ಕಾಗದ ಅಂಟಿಸಿ ಸ್ಕೆಚ್ ಪೆನ್ನಲ್ಲಿ 'ನರ್ಸಮ್ಮ' ಅಂತ ಬರೆದರು. ಆಮೇಲೆ ನೋಡಬೇಕಿತ್ತು. ಹೂ ಮಾರುವಾಕೆ ಬುಟ್ಟಿ ಇಳಿಸಿ ಅಲ್ಲೇ ಕೂತುಬಿಟ್ಟಳು. ಆಟೋದವರಲ್ಲಿ ಅರ್ಧ ಜನ, ಹುಟ್ಟಿದಾಗ ಆಕೆಯ ಕೈಯಲ್ಲಿ ತೂಗಿಸಿಕೊಂಡವರೇ. ಹಾಗಾಗಿ ನಾನೂ ಇಲ್ಲಿ ಆ ಹೆಸರು ಬರೆಯುವುದಿಲ್ಲ. ಬರೆದರೆ ಯಾರಿಗೂ ಗುರುತು ಹತ್ತುವುದಿಲ್ಲ.

ನಾನು ಅವರ ಎದುರು ಮನೆಯವನು. ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದು ರಿಟೈರ್ ಆದವನು. ಜೀವಮಾನವಿಡೀ ಸರಪಳಿ ಹಿಡಿದು ಹೊಲ ಅಳೆದವನು. ಅಣ್ಣ ತಮ್ಮಂದಿರು ಬದುವಿನ ಮೇಲೆ ಮಚ್ಚು ಹಿಡಿದು ನಿಂತಾಗಲೂ ಅಳತೆಯನ್ನು ಅಳತೆ ಇದ್ದ ಹಾಗೇ ಬರೆದೆ ಅನ್ನುವ ಒಂದು ಜಂಬ ನನಗಿದೆ. ಇತ್ತು ಅನ್ನಿ.

ನರ್ಸಮ್ಮ ಗಟ್ಟಿ ಗಂಟಲಿನ, ಗಿಡ್ಡ ಹೆಂಗಸು. ಮದುವೆ ಆಗಲಿಲ್ಲ. ಯಾಕೆ ಅಂತ ನಮ್ಮ ಮನೆಯಾಕೆ ಒಮ್ಮೆ ಕೇಳಿದ್ದಕ್ಕೆ, "ಪುರುಸೊತ್ತೇ ಆಗ್ಲಿಲ್ಲ ಕಣಕ್ಕ" ಅಂದಿದ್ದರು. ಮೊಪೆಡ್ಡಿನ ಮುಂದೆ ಲಸಿಕೆ ಡಬ್ಬಿ, ಹೆಗಲಿಗೆ ಕೂಸು ತೂಗುವ ಗಡಿಯಾರದಂಥ ತಕ್ಕಡಿ ಮತ್ತು ಅದರ ಬಟ್ಟೆ ಜೋಲಿ. ಊರೂರಿಗೆ, ಹಟ್ಟಿ ಹಟ್ಟಿಗೆ ಹೋಗುತ್ತಿದ್ದರು. ಬಾಣಂತಿ ಸರಿಯಾಗಿ ಉಣ್ಣುತ್ತಿಲ್ಲ ಅಂತ ಗೊತ್ತಾದರೆ ಅತ್ತೆಯನ್ನು ಅಂಗಳಕ್ಕೆ ಕರೆದು ಬೈಯುತ್ತಿದ್ದರು. ಬೈದ ಮೇಲೆ ಅದೇ ಮನೆಯಲ್ಲಿ ಟೀ ಕೇಳಿ, ಬಸಿಗೆ ಹೊಯ್ದುಕೊಂಡು, ಸೊರ್ ಅಂತ ಕುಡಿದು ಏಳುತ್ತಿದ್ದರು.

ಕುರಿ ಸಾಕುವವರ ಒಂದು ಹಟ್ಟಿಯಲ್ಲಿ ಕೂಸನ್ನು ತೂಗಬಾರದು, ತೂಗಿದರೆ ಸೊರಗುತ್ತದೆ ಅಂತ ಜನ ಹಟ ಹಿಡಿದರಂತೆ. ಈಯಮ್ಮ ವಾದ ಮಾಡಲಿಲ್ಲ. ಪಕ್ಕದಲ್ಲಿ ನೆಗೆಯುತ್ತಿದ್ದ ಒಂದು ಕುರಿಮರಿ ಹಿಡಿದು ಜೋಲಿಗೆ ಹಾಕಿ ತೂಗಿ, "ನಾಳೆ ಬರ್ತೀನಿ, ಮರಿ ಸೊರಗಿದ್ರೆ ಹೇಳ್ರಿ" ಅಂತ ಹೊರಟುಬಿಟ್ಟರು. ಮಾರನೇ ದಿನ ಹೋದರೆ ಮರಿ ಕುಣಿಯುತ್ತಾ ಇತ್ತು. ಕೂಸನ್ನೂ ತೂಗಿದರು. ಆದರೆ ತೂಕ ಬಾಯಲ್ಲಿ ಹೇಳಲಿಲ್ಲ. ಕೂಸಿನ ತೂಕ ನಾಲ್ಕು ಜನರ ಮುಂದೆ ಹೇಳಿದರೆ ದೃಷ್ಟಿಯಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನರ್ಸಮ್ಮ ಪೆನ್ನಿನಿಂದ ಅಂಗೈ ಮೇಲೆ ಬರೆದು ತಾಯಿಗೆ ಮಾತ್ರ ತೋರಿಸಿ ಒರೆಸಿಕೊಳ್ಳುತ್ತಿದ್ದರು. ಓದು ಬಾರದ ತಾಯಂದಿರಿಗೆ ಗೆರೆ ಎಳೆದು ತೋರಿಸುತ್ತಿದ್ದರು. ಹೋದ ತಿಂಗಳು ಇಷ್ಟು, ಈ ತಿಂಗಳು ಇಷ್ಟು, ಒಂದು ಗೆರೆ ಮೇಲೆ.

ಒಂದು ವಿಷಯಕ್ಕೆ ಮಾತ್ರ ಅವರು ಕೆಂಡವಾಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜೊತೆಗಿದ್ದ ಒಬ್ಬಾಕೆ ಬಿಸಿಲಿಗೆ ಬೇಸತ್ತು ಒಂದು ಕೂಸನ್ನು ತೂಗದೆಯೇ ಅಂದಾಜಿಗೆ ತೂಕ ಬರೆದಿದ್ದಳಂತೆ. ಆ ಅಂದಾಜು ನಂಬಿ ಇವರು ಮುಂದಿನ ವಾರ ಆ ಮನೆಗೆ ಹೋಗಲಿಲ್ಲ. ಕೂಸು ಉಳಿಯಲಿಲ್ಲ. "ತೂಗ್ಲಿಲ್ಲ ಅಂತ ಬರ್ದಿದ್ರೆ ನಾನ್ ಓಡ್ಹೋಗ್ತಿದ್ದೆ ಅಣ್ಣಾರೆ. ಬರ್ದಿದ್ ನೋಡಿ ಸುಮ್ಕೆ ಕುಂತೆ" ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ನಾನು ಹೌದೌದು ಅನ್ನುತ್ತಿದ್ದೆ. ಅಳತೆ ಅಂದರೆ ನನಗೂ ಗೊತ್ತಲ್ಲವೇ.

ರಿಟೈರ್ ಆದ ಮೇಲೂ ತಾಯಂದಿರು ಬಿಡಲಿಲ್ಲ. ಬೆಳಗ್ಗೆ ಅವರ ಪಡಸಾಲೆಯಲ್ಲಿ ಎರಡು ಮೂರು ಕೂಸು ಅಳುತ್ತಲೇ ಇರುತ್ತಿದ್ದವು. ತಮ್ಮದೇ ದುಡ್ಡಲ್ಲಿ ಒಂದು ತಕ್ಕಡಿ ತಂದು ಬಾಗಿಲ ಚೌಕಟ್ಟಿಗೆ ನೇತುಹಾಕಿದ್ದರು.

ಈಗ ಹಾವಿನ ಮಾತು. ನನಗೆ ಊರಾಚೆ ಒಂದಿಷ್ಟು ತೆಂಗಿನ ತೋಟವಿದೆ. ಕಾಯಿಯನ್ನು ಮನೆಯ ಹಿಂದಿನ ಕೋಣೆಯ ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡುವುದು ನಮ್ಮ ಪದ್ಧತಿ. ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಮುಟ್ಟುವ ಹಾಗಿಲ್ಲ. ಒಳಗೆ ನೀರು ತಾನಾಗಿಯೇ ಹಿಂಗಬೇಕು, ಕೊಬ್ಬರಿ ತಾನಾಗಿಯೇ ಚಿಪ್ಪು ಬಿಡಬೇಕು. ಕಾಯಿ ಇದ್ದಲ್ಲಿ ಇಲಿ. ಇಲಿ ಬಾರದಿರಲಿ ಅಂತ ನಾನು ಅಟ್ಟದ ಕಿಂಡಿಗಳಿಗೆಲ್ಲ ನೈಲಾನ್ ಬಲೆ ಹೊಡೆಸಿದ್ದೆ. ಇಲಿ ಬಲೆ ಕಡಿದು ಒಳಗೆ ಬಂದವು. ಅವುಗಳ ಹಿಂದೆ ಬಂದ ಕೇರೆ ಹಾವು ಬಲೆಯಲ್ಲಿ ಸಿಕ್ಕಿಕೊಂಡಿತು.

ನಾನು ಅದನ್ನು ನೋಡಿದ್ದು ಒಂದು ಬೆಳಗ್ಗೆ, ಅಟ್ಟದ ಏಣಿಯ ಕೆಳಗೆ, ನೆಲದ ಮೇಲೆ. ಆರಡಿ ಉದ್ದ. ಕುತ್ತಿಗೆಯ ಸ್ವಲ್ಪ ಕೆಳಗೆ ನೈಲಾನ್ ದಾರ ಮಾಂಸಕ್ಕೆ ಇಳಿದಿತ್ತು. ಬಲೆಯ ತುಂಡನ್ನು ಕಿತ್ತುಕೊಂಡು ಬಂದಿತ್ತು, ಆದರೆ ಆ ಉರುಳು ಬಿಟ್ಟಿರಲಿಲ್ಲ. ನುಂಗಿದ್ದು ಇಳಿಯದೆ ಎಷ್ಟು ದಿನದಿಂದ ಉಪವಾಸವೋ, ಬೆನ್ನುಮೂಳೆ ಮೇಲೆದ್ದು ಮೈ ಮೂರು ಮೂಲೆಯಾಗಿತ್ತು. ಹಾವು ಅಂದದ್ದೇ ತಡ ಬೀದಿಯ ಜನ ದೊಣ್ಣೆ ಹಿಡಿದು ಬಂದರು. ನರ್ಸಮ್ಮ ಎಲ್ಲರನ್ನೂ ಮೊಣಕೈಯಲ್ಲಿ ತಿವಿದು ಒಳಗೆ ಬಂದರು.

"ಕೇರೆ ಅಲ್ಲೇನ್ರಿ ಇದು, ನಾಗರಾ ಅಲ್ಲ ಎಂಥದೂ ಅಲ್ಲ. ನೋಡ್ರಿ ಹೆಂಗ್ ಸೊರಗೈತೆ. ದೊಣ್ಣೆ ಕೆಳಗಿಡ್ರಿ ಮೊದ್ಲು" ಅಂದರು.

ಅವರ ತಂದೆಯ ಕಣದಲ್ಲಿ, ರಾಗಿ ಬಣವೆಯ ಕೆಳಗೆ ಯಾವಾಗಲೂ ಒಂದು ಕೇರೆ ಇರುತ್ತಿತ್ತಂತೆ. ಮಕ್ಕಳು ಅದರ ಬಾಲ ತುಳಿದು ಬೈಸಿಕೊಳ್ಳುತ್ತಿದ್ದರಂತೆ. ಹಾಗಾಗಿ ಭಯವೇ ಇಲ್ಲ. ನನ್ನ ಕೈಗೆ ಅದರ ಬಾಲ ಕೊಟ್ಟರು. ತಮ್ಮ ಸಣ್ಣ ಕತ್ತರಿಯ ಮೊನೆ ದಾರದ ಕೆಳಗೆ ತೂರಿಸಿ ಒಂದೊಂದೇ ಎಳೆ ಕತ್ತರಿಸಿದರು. ಗಾಯ ತೊಳೆದು ಔಷಧಿ ಹಚ್ಚಿದರು. ಆಮೇಲೆ ಮನೆಗೆ ಹೋಗಿ ತಕ್ಕಡಿ ತಂದರು.

ಜೋಲಿಯೊಳಗೆ ಹಾವನ್ನು ಸುತ್ತಿ ಅಟ್ಟದ ಕೋಣೆಯ ಕೊಕ್ಕೆಗೆ ನೇತುಹಾಕಿದರು. ಮುಳ್ಳು ನಿಂತ ಮೇಲೆ ಪೆನ್ನು ತೆಗೆದು ಅಂಗೈ ಮೇಲೆ ಬರೆದು ನನಗೆ ತೋರಿಸಿದರು. ಆರುನೂರು ಗ್ರಾಂ. ನಾನು ನಕ್ಕೆ, ಹಾವಿಗೂ ದೃಷ್ಟಿಯಾಗುತ್ತದಾ ಅಂತ. "ಬೀದಿ ಜನ ಎಲ್ಲಾ ನಿಂತವ್ರೆ. ಯಾರ್ ಕಣ್ಣು ಹೆಂಗೋ" ಅಂದರು.

ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ ಫೋನ್ ಮಾಡಿದ್ದಾಯಿತು. ಅವರು ಬಂದು ನೋಡಿದರು. ಈ ಸ್ಥಿತಿಯಲ್ಲಿ ಬಿಟ್ಟರೆ ನಾಯಿಯೋ ಮುಂಗುಸಿಯೋ ಮುಗಿಸುತ್ತದೆ, ಮೂರು ನಾಲ್ಕು ವಾರ ನೋಡಿಕೊಳ್ಳಿ, ಚೇತರಿಸಿಕೊಂಡರೆ ನಾನೇ ಬಂದು ಕುರುಚಲು ಕಾಡಿಗೆ ಬಿಡುತ್ತೇನೆ ಅಂದರು. ಮೊದಲು ಬರೀ ನೀರು, ಆಮೇಲೆ ಸಣ್ಣ ಇಲಿ. "ತಿಂದ್ ಮೇಲೆ ಐದು ದಿನ ಮುಟ್ಟಂಗಿಲ್ಲ ನೋಡ್ರಿ. ಮುಟ್ಟಿದ್ರೆ ಕಕ್ತದೆ. ಸೊರಗಿರೋ ಹಾವು ಒಂದ್ಸಲ ಕಕ್ಕಿದ್ರೆ ಎರಡು ವಾರ ಏನೂ ಕೊಡಬಾರ್ದು. ಕೊಟ್ರೆ ಹೋತು" ಅಂತ ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ನಾನು ಕಿವಿಯಾರೆ ಕೇಳಿದ್ದೇನೆ.

ಹಾವಿಗೆ ಮನೆಯಾದದ್ದು ನಮ್ಮ ಹಳೇ ನೀಲಿ ನೀರಿನ ಡ್ರಮ್ಮು. ಅಡ್ಡ ಮಲಗಿಸಿ, ಒಳಗೆ ಹಳೇ ಸೀರೆ ಹಾಸಿ, ಬಾಯಿಗೆ ಸೊಳ್ಳೆಪರದೆ ಕಟ್ಟಿ ಅಟ್ಟದ ಕೋಣೆಯಲ್ಲಿಟ್ಟೆವು. ನಮ್ಮ ಮನೆಯಾಕೆ ದೊಡ್ಡ ರಂಪ ಮಾಡಿದಳು. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಲಿಂಗಾಯತರ ಮನೆ. ಇಲಿ ಉಣ್ಣಿಸುತ್ತೀರಾ ಅಂತ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಒಂದು ದಾರಿ ಹುಡುಕಿದಳು. "ನಮ್ಮಟ್ಟದ ಇಲಿ, ನಮ್ಮಟ್ಟದ ಹಾವು. ಅವೆರಡರ ಮಧ್ಯೆ ನಾನ್ಯಾಕೆ ಬರ್ಲಿ" ಅಂದಳು. ಅಂದಿನಿಂದ ಇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸುವವಳು ಅವಳೇ ಆದಳು.

ನರ್ಸಮ್ಮ ದಿನಕ್ಕೆ ಮೂರು ಸಲ ಬರುತ್ತಿದ್ದರು. ಅದರ ನೀರಿಗೆ, ಭೇದಿಯಾದ ಕೂಸುಗಳಿಗೆ ಕೊಡುವ ಪುಡಿ ಒಂದು ಚಿಟಿಕೆ ಹಾಕುತ್ತಿದ್ದರು. ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಏನವ್ವಾ, ಇವತ್ತಾದ್ರೂ ಊಟ ಸೇರ್ತೈತಾ?" ಅಂತ ಬಾಣಂತಿಯನ್ನು ಕೇಳುವ ಹಾಗೇ ಕೇಳುತ್ತಿದ್ದರು. ಒಂದು ನೋಟ್ ಪುಸ್ತಕ ಇಟ್ಟಿದ್ದರು. ಹತ್ತು ದಿನಕ್ಕೊಮ್ಮೆ ಮಾತ್ರ ತೂಕ. ಹತ್ತನೇ ದಿನ ಆರುನೂರು. ಇಪ್ಪತ್ತನೇ ದಿನವೂ ಆರುನೂರೇ. "ಇಳೀಲಿಲ್ವಲ್ಲ, ಅದೇ ಪುಣ್ಯ" ಅಂದರು. ಎರಡು ಸಲ ಇಟ್ಟ ಇಲಿಯನ್ನು ಅದು ಮೂಸಿಯೂ ನೋಡಲಿಲ್ಲ.

ಇಪ್ಪತ್ತೆರಡನೇ ದಿನ ತಿಂದಿತು. ನಾನೂ ಇದ್ದೆ. ಸಣ್ಣ ಇಲಿ, ಕಾಲು ಗಂಟೆ ಹಿಡಿಯಿತು ಇಳಿಸಲು. ನರ್ಸಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ನೋಡುತ್ತಿದ್ದರು. ಗಾಯದ ಜಾಗ ದಾಟಿ ಕೆಳಗಿಳಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟು ವರ್ಷ ಎದುರು ಮನೆಯಲ್ಲಿದ್ದು ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಮಾರನೇ ದಿನ ಹೊಳಲ್ಕೆರೆಯಲ್ಲಿ ಅವರ ತಂಗಿ ಮಗಳ ಸೀಮಂತ. ಹೋಗಲೇಬೇಕಿತ್ತು.

"ಮುಟ್ಬ್ಯಾಡ್ರಿ ಅಣ್ಣಾರೆ. ಡ್ರಮ್ಮೂ ಅಲ್ಲಾಡಿಸ್ಬ್ಯಾಡ್ರಿ. ನೀರು ಕಮ್ಮಿಯಾದ್ರೆ ಮೆಲ್ಲಗೆ ಹಾಕ್ರಿ, ಅಷ್ಟೇ. ನಿಮ್ಮನ್ನ ನಂಬಿ ಹೋಗ್ತಿದೀನಿ" ಅಂದರು.

ಅವರು ಹೋದ ಎರಡನೇ ದಿನ ನನ್ನ ಬಾಮೈದ ಬಂದ. ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುವವನು, ಬಾಯಿ ಜೋರು, ಎಲ್ಲದರಲ್ಲೂ ನನ್ನ ಕಾಲೆಳೆಯುವವನು. ಜೊತೆಗೆ ಅವನ ಹೆಂಡತಿ, ಅವಳ ಅಕ್ಕ. "ಏನ್ ಭಾವ, ಹಾವಿಗೆ ಬಾಣಂತನ ಮಾಡ್ತಿದೀರಂತೆ. ತೋರ್ಸ್ರಿ ನೋಡಾಣ" ಅಂದ. ಸೊಳ್ಳೆಪರದೆಯಾಚೆಯಿಂದ ತೋರಿಸಿದೆ. "ಇದೇನು, ಹಳೇ ಹಗ್ಗ ಬಿದ್ದಂಗೈತೆ. ಬದುಕೈತೋ ಇಲ್ವೋ" ಅಂದ. ಎಲ್ಲರೂ ನಕ್ಕರು. ನನಗೆ ಉರಿಯಿತು. ಬದುಕಿದೆ, ತೂಕವೂ ಏರಿದೆ ಅಂದೆ. ಎಲ್ಲಿ ಏರಿದೆ, ತೋರಿಸಿ ಅಂದ.

ಇಷ್ಟೇ ನಡೆದದ್ದು. ಯಾರೂ ನನ್ನ ಕುತ್ತಿಗೆ ಹಿಡಿಯಲಿಲ್ಲ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಹನ್ನೊಂದು ತಿಂಗಳು ಮುಟ್ಟದೆ ಕಾಯುವವನು ನಾನು. ಯಾವನಾದರೂ ಆತುರಕ್ಕೆ ಅಲ್ಲಾಡಿಸಿ ನೋಡಿದರೆ ಬೈಯುವವನು. ಐದು ದಿನ ಕಾಯಲಾಗಲಿಲ್ಲ. ಪರದೆ ಬಿಚ್ಚಿ, ಹಾವನ್ನು ಹೊರಗೆಳೆದು, ಜೋಲಿಗೆ ತುಂಬಿ ಕೊಕ್ಕೆಗೆ ಹಾಕಿದೆ. ಮುಳ್ಳು ಏಳುನೂರು ತೋರಿಸಿತು. ಒಂದು ಗೆರೆ ಮೇಲೆ. "ಭಲೇ ಭಾವ" ಅಂದ ಬಾಮೈದ. ನಾನು ನೋಟ್ ಪುಸ್ತಕ ತೆರೆದು, ಎಲ್ಲರ ಮುಂದೆ, ಏಳುನೂರು ಅಂತ ದಪ್ಪಕ್ಷರದಲ್ಲಿ ಬರೆದೆ. ಬಾಯಿಬಿಟ್ಟೂ ಹೇಳಿದೆ.

ಅವರು ಊಟಕ್ಕೆ ಕೂತಾಗ ನಾನು ಡ್ರಮ್ಮಿನ ಹತ್ತಿರ ಹೋದೆ. ಹಾವು ಬಾಯಿ ಅಗಲಿಸಿ, ಮೈಯೆಲ್ಲ ಹಿಂಡಿಕೊಂಡು, ಆ ಇಲಿಯನ್ನು ಹೊರಗೆ ಹಾಕುತ್ತಿತ್ತು. ಕಕ್ಕಿದ ಮೇಲೆ ತಲೆ ನೆಲಕ್ಕಿಟ್ಟು ಮಲಗಿತು. ಆಮೇಲೆ ಇಲಿಯನ್ನು ಕಾಗದದಲ್ಲಿ ಸುತ್ತಿ ತಿಪ್ಪೆಗೆ ಹಾಕಿ ಬಂದೆ. ಸೀರೆ ತೆಗೆದು ಬೇರೆ ಸೀರೆ ಹಾಸಿದೆ. ಕೈ ತೊಳೆದು ಬಾಮೈದನ ಪಕ್ಕ ಊಟಕ್ಕೆ ಕೂತೆ. ನಮ್ಮ ಮನೆಯಾಕೆಗೂ ಹೇಳಲಿಲ್ಲ.

ನರ್ಸಮ್ಮ ಮಾರನೇ ದಿನ ಮಧ್ಯಾಹ್ನ ಬಂದರು. ಬ್ಯಾಗನ್ನು ನಮ್ಮ ಜಗಲಿಯ ಮೇಲೆಯೇ ಇಟ್ಟು ನೇರ ಅಟ್ಟದ ಕೋಣೆಗೆ ಹೋದರು. ಪುಸ್ತಕ ನೋಡಿದರು. ಮುಖ ಗಂಟು ಹಾಕಿಕೊಂಡು ಹೊರಗೆ ಬಂದರು.

"ತೂಗಿದ್ರಾ? ಮುಟ್ಬ್ಯಾಡ್ರಿ ಅಂತ ಬಡ್ಕಂಡಿದ್ನಲ್ಲ ಅಣ್ಣಾರೆ."

"ಒಂದೇ ನಿಮಿಷ. ಮೆಲ್ಲಗೆ ತೂಗ್ದೆ."

"ಕಕ್ಕಿತಾ ಏನಾದ್ರೂ?"

ನೇರವಾಗಿ ಕೇಳಿದರು. ಮೂರು ಅಡಿ ದೂರದಲ್ಲಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು. ಹೌದು ಅಂದಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ಒಂದು ವಾರ ಮಾತು ಬಿಡುತ್ತಿದ್ದರು. ಎರಡು ವಾರ ಹಾವಿಗೆ ನೀರು ಮಾತ್ರ ಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅಷ್ಟೇ.

"ಇಲ್ಲ" ಅಂದೆ.

ಅವರ ಮುಖ ಅರಳಿತು. ಬೈಯುವುದನ್ನೂ ಮರೆತರು. "ಏಳುನೂರಾ? ಮೈ ಹತ್ತೈತೆ ಬಿಡ್ರಿ ಹಂಗಾದ್ರೆ" ಅಂತ ಮತ್ತೆ ಒಳಗೆ ಹೋಗಿ ಪುಸ್ತಕ ನೋಡಿದರು. ಇನ್ನೊಂದು ಸಲ ತೂಗುತ್ತಾರೇನೋ ಅಂತ ಭಯವಿತ್ತು. ತೂಗಲಿ ಅಂತಲೂ ಒಳಗೊಳಗೇ ಆಸೆಯಿತ್ತು. ಅವರು ತೂಗಲಿಲ್ಲ. ನೀವು ಒಮ್ಮೆ ಮುಟ್ಟಿದ್ದೇ ಸಾಕು, ಇನ್ನು ಯಾರೂ ಮುಟ್ಟಬಾರದು ಅಂದರು. ಬರೆದದ್ದಿತ್ತಲ್ಲ.

ಐದು ದಿನ ಕಳೆದ ಮೇಲೆ ಅವರು ಮತ್ತೊಂದು ಇಲಿ ಇಟ್ಟರು, ಮೊದಲಿನದಕ್ಕಿಂತ ದೊಡ್ಡದು. ಆ ಬೆಳಗ್ಗೆ ನಾನು, "ಇನ್ನೊಂದು ವಾರ ಕಾಯಾಣ್ವಾ ನರ್ಸಮ್ಮ" ಅಂದೆ. ಅಷ್ಟು ಅನ್ನುವಷ್ಟು ಮನುಷ್ಯತ್ವ ಉಳಿದಿತ್ತು. "ತೂಕ ಏರೋವಾಗ ಹಸಿವಲ್ಲಿ ಇಡಬಾರ್ದು" ಅಂದರು. ಯಾಕೆ ಕಾಯಬೇಕು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಹಾವು ಹಸಿದಿತ್ತು, ತಿಂದಿತು. ಮಾರನೇ ದಿನ ಸಂಜೆ ಕಕ್ಕಿತು. ಮೂರನೇ ದಿನ ಬೆಳಗ್ಗೆ ಸೀರೆಯ ಮಡಿಕೆಯಲ್ಲಿ ಸತ್ತು ಬಿದ್ದಿತ್ತು.

ತೋಟದಲ್ಲಿ ಗುಂಡಿ ನಾನೇ ತೋಡಿದೆ. ನಮ್ಮ ಮನೆಯಾಕೆ ಅರಿಶಿನ, ತುಪ್ಪ ಹಾಕಿದಳು. ನರ್ಸಮ್ಮ ಬದುವಿನ ಮೇಲೆ ಕೂತು, "ಆಸೆ ಬಿದ್ದೆ. ಅವಸರ ಮಾಡ್ದೆ. ಸಣ್ಣದು ಕೊಡ್ಬೇಕಿತ್ತು, ದೊಡ್ಡದು ಕೊಟ್ಟೆ" ಅಂತ ಹೇಳುತ್ತಲೇ ಇದ್ದರು. ನಾನು ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಾ ಇದ್ದೆ.

ಒಂದು ಹಾವು ತಾನೇ, ಮರೆಯುತ್ತಾರೆ ಅಂದುಕೊಂಡಿದ್ದೆ. ಅವರು ಮರೆಯಲಿಲ್ಲ. ಆ ವಾರವೇ ಕೂಸು ಎತ್ತಿಕೊಂಡು ಬಂದ ಒಬ್ಬ ತಾಯಿಗೆ, "ಆಸ್ಪತ್ರೇಲಿ ತೂಗಿಸ್ಕಳವ್ವ. ನನ್ ಅಂದಾಜು ಈಗ ನೆಟ್ಟಗಿಲ್ಲ" ಅಂದದ್ದು ನನ್ನ ಜಗಲಿಗೆ ಕೇಳಿಸಿತು. ತಕ್ಕಡಿ ಸರಿಯೇ ಇತ್ತು, ಕಣ್ಣೂ ಸರಿಯೇ ಇತ್ತು. ಕೂಸು ತಿನ್ನುವುದನ್ನು, ಹೊಟ್ಟೆ ಜೀರ್ಣಿಸುವುದನ್ನು ಕಣ್ಣಳತೆಯಲ್ಲಿ ಹೇಳಬಲ್ಲೆ ಅನ್ನುವ ಧೈರ್ಯ ಹೋಗಿತ್ತು. ಬರಬರುತ್ತ ತಾಯಂದಿರು ಬರುವುದು ನಿಂತಿತು. ತಕ್ಕಡಿಯನ್ನು ಯಾವುದೋ ಅಂಗನವಾಡಿಗೆ ಕೊಟ್ಟುಬಿಟ್ಟರು. ಪಡಸಾಲೆಯ ಬಾಗಿಲು ಬೆಳಗ್ಗೆ ಹತ್ತಾದರೂ ಮುಚ್ಚಿರುತ್ತಿತ್ತು. ನಾನು ದಿನಾ ಪೇಪರ್ ಹಿಡಿದು ಆ ಮುಚ್ಚಿದ ಬಾಗಿಲ ಎದುರೇ ಕೂತಿರುತ್ತಿದ್ದೆ. ದಾಟಿ ಹೋಗಿ ಹೇಳಲು ಬೇಕಿದ್ದದ್ದು ಹದಿನೈದು ಹೆಜ್ಜೆ. ಇವತ್ತು ಬೇಡ, ಅವರಿಗೆ ತಲೆನೋವಿದೆ. ಇವತ್ತು ಬೇಡ, ಯಾರೋ ಬಂದಿದ್ದಾರೆ. ಹೀಗೇ ಎರಡು ವರ್ಷ.

ಆಮೇಲೆ ಅವರಿಗೆ ಕಿಡ್ನಿ ತೊಂದರೆ ಶುರುವಾಗಿ ಚಿತ್ರದುರ್ಗದ ಒಂದು ಆಸ್ಪತ್ರೆಗೆ ಸೇರಿಸಿದರು. ಉಳಿಯುವುದು ಕಷ್ಟ ಅಂತ ಅವರ ತಂಗಿ ಫೋನ್ ಮಾಡಿದ ದಿನ ನಾನು ಬಸ್ಸು ಹತ್ತಿದೆ. ಹೇಳಿಬಿಡುವುದು ಅಂತ ತೀರ್ಮಾನ ಮಾಡಿಯೇ ಹೊರಟಿದ್ದೆ. ಹೊಳಲ್ಕೆರೆ ದಾಟುವಷ್ಟರಲ್ಲಿ ಮಾತೆಲ್ಲ ಜೋಡಿಸಿಕೊಂಡಿದ್ದೆ. ನರ್ಸಮ್ಮ, ಆವತ್ತು ಅದು ಕಕ್ಕಿತ್ತು, ನಾನು ಸುಳ್ಳು ಹೇಳಿದೆ, ನಿಮ್ಮ ತಪ್ಪು ಏನೂ ಇಲ್ಲ. ಇಷ್ಟೇ. ಜೋರಾಗಿ ಅಂದುಕೊಂಡೆನೋ ಏನೋ, ಪಕ್ಕದ ಸೀಟಿನವರು ನನ್ನ ಮುಖ ನೋಡಿದರು.

ವಾರ್ಡಿನಲ್ಲಿ ಅವರು ಅರ್ಧ ಆಗಿದ್ದರು. ನನ್ನನ್ನು ನೋಡಿ, "ಕುಂತ್ಕಳ್ರಿ" ಅಂತ ಸ್ಟೂಲು ತೋರಿಸಿದರು. ತಂಗಿಯನ್ನು ಟೀ ತರಲು ಕಳಿಸಿದರು. ಒಬ್ಬರೇ ಸಿಕ್ಕರು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು.

"ನಿಮ್ಮತ್ರ ಒಂದ್ ಮಾತು ಉಳ್ಕಂಡೈತೆ ಅಣ್ಣಾರೆ. ಆ ಹಾವು. ನಿಮ್ಮನೆಗೆ ಬಂದಿದ್ ಜೀವ, ನನ್ ಕೈಯಾಗೆ ಹೋತು. ನೀವು ಒಂದಿನನೂ ಆಡಿ ತೋರಿಸ್ಲಿಲ್ಲ. ಎದುರಿಗೆ ಕುಂತ್ಕಂಡೇ ಇರ್ತಿದ್ರಿ, ಒಂದ್ ಮಾತೂ ಅನ್ಲಿಲ್ಲ. ಬೇರೆಯೋರಾಗಿದ್ರೆ ಅಂತಿದ್ರು. ಕ್ಷಮಿಸಿದೀನಿ ಅಂತ ಒಂದ್ಸಲ ಬಾಯ್ಬಿಟ್ಟು ಅನ್ರಿ."

ಮಾತುಗಳೆಲ್ಲ ಜೋಡಿಸಿಕೊಂಡ ಹಾಗೇ ನನ್ನ ನಾಲಿಗೆಯ ಮೇಲೆ ಇದ್ದವು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಒಳ್ಳೆಯ ಮನುಷ್ಯನನ್ನು ನೋಡುವ ಹಾಗೆ. ಸಾಯುವ ಹೊತ್ತಿನಲ್ಲಿ ಅವರಿಗೆ ನೋವು ಕೊಡುವುದು ಬೇಡ ಅಂತ ಸುಮ್ಮನಾದೆ ಅಂತ ಹೇಳಬಹುದು. ಅದು ಸುಳ್ಳು. ಆ ನೋಟ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಅದೆಲ್ಲಾ ಯಾವತ್ತೋ ಮರ್ತಿದೀನಿ ನರ್ಸಮ್ಮ. ಕ್ಷಮಿಸಿದೀನಿ, ನಿಶ್ಚಿಂತೆಯಿಂದಿರ್ರಿ" ಅಂದೆ.

ಸೂಜಿ ಚುಚ್ಚಿದ್ದ ಕೈ ಎತ್ತಿ ಅವರು ನನಗೆ ಮುಗಿದರು. ಅಷ್ಟರಲ್ಲಿ ಟೀ ಬಂತು, ಕುಡಿದೆ. ಹೀಗೆ ನಾನು ನರ್ಸಮ್ಮನನ್ನು ಕ್ಷಮಿಸಿ, ನಾಲ್ಕೂವರೆ ಬಸ್ಸಿಗೆ ಊರಿಗೆ ಬಂದೆ.